ನಾಲ್ಕು ಗಂಟೆಯ ಬಿಲ್ಡ್

ಮೊನ್ನೆ ಮುನಿರ್ಕಾ ಮೆಟ್ರೋ ನಿಲ್ದಾಣದ ಎಸ್ಕಲೇಟರ್ ಮೇಲೆ ನಿಂತು ಬರುತ್ತಿದ್ದೆ. ಅರ್ಧ ದಾರಿಯಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ಹುಲ್ಲು, ಡೀಸೆಲ್, ಧೂಳು ಎಲ್ಲ ಬೆರೆತ ದೆಹಲಿಯ ನವೆಂಬರ್ ವಾಸನೆ. ಇಲ್ಲಿಗೆ ಬಂದು ಏಳು ವರ್ಷವಾಯಿತು, ಈಗೀಗ ಅದಕ್ಕೆ ಕೆಮ್ಮುವುದನ್ನೂ ಬಿಟ್ಟಿದ್ದೇನೆ. ಆದರೆ ಪ್ರತಿ ವರ್ಷ ಅದು ಮೊದಲ ಸಲ ಮೂಗಿಗೆ ಬಂದಾಗ ನನ್ನ ಕಣ್ಣು ತಾನಾಗಿ ಗಡಿಯಾರದ ಕಡೆ ಹೋಗುತ್ತದೆ. ನಾಲ್ಕಾಗಲು ಇನ್ನೆಷ್ಟು ಹೊತ್ತಿದೆ ಅಂತ ನೋಡುತ್ತೇನೆ.

ಅದು ಶುರುವಾದದ್ದು ನಾನು ದೆಹಲಿಯಲ್ಲಿ ಕಳೆದ ಮೂರನೇ ಚಳಿಗಾಲದಲ್ಲಿ. ಚಿತ್ರದುರ್ಗದ ಹುಡುಗಿ, ದೆಹಲಿ ಪಕ್ಕದ ಮಾನೇಸರ್‌ನ ಒಂದು ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಗಾಡಿಗಳ ಬ್ರೇಕಿಗೆ ಬೇಕಾದ ಪುಟ್ಟ ಕಂಪ್ಯೂಟರುಗಳು ತಯಾರಾಗುತ್ತವೆ. ಆ ಕಂಪ್ಯೂಟರಿಗೆ ಬುದ್ಧಿ ತುಂಬುವುದು ನಮ್ಮ ತಂಡದ ಪಾಲಿನ ಕೆಲಸ. ಹತ್ತಾರು ಜನ ಬರೆದ ಪ್ರೋಗ್ರಾಂಗಳನ್ನು ಸೇರಿಸಿ, ನೂರಾರು ಟೆಸ್ಟ್ ಮಾಡಿ, ಕೊನೆಗೆ ಒಂದೇ ಒಂದು ಫೈಲ್ ಮಾಡಿ ಕಾರ್ಖಾನೆಗೆ ಕೊಡಬೇಕು. ಈ ಇಡೀ ಕೆಲಸಕ್ಕೆ ನಾವು ಬಿಲ್ಡ್ ಅನ್ನುತ್ತೇವೆ. ಮಾನೇಸರ್‌ನಲ್ಲಿದ್ದ ಒಂದು ಸರ್ವರ್ ಅದನ್ನು ಮಾಡುತ್ತಿತ್ತು. ಮದುವೆ ಮನೆಯ ಭಟ್ಟರು ಬಡಿಸುವ ಮೊದಲು ಒಂದೊಂದು ಪಾತ್ರೆಯಿಂದಲೂ ರುಚಿ ನೋಡುವ ಹಾಗೆ ಅದು ಒಂದೊಂದು ಟೆಸ್ಟನ್ನೂ ಮುಗಿಸಿ ಮುಂದೆ ಹೋಗುತ್ತಿತ್ತು. ಒಂದು ಕೆಟ್ಟರೂ ಬಿಲ್ಡ್ ಫೇಲ್, ಇಡೀ ತಂಡಕ್ಕೆ ಮೇಲ್.

ಮಂಜುನಾಥ್ ಸರ್ ನನ್ನ ಸೀನಿಯರ್. ಐವತ್ತು ದಾಟಿದ್ದ, ಕಡಿಮೆ ಮಾತಿನ ಮನುಷ್ಯ. ತಂಡದಲ್ಲಿ ಕನ್ನಡದವರು ನಾವಿಬ್ಬರೇ. ಅವರ ಹೆಂಡತಿ ವಿಜಯಾ ಆಂಟಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿದ್ದರು, ಹಾಗಾಗಿ ಮನೆ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ. ಬಿಲ್ಡ್ ನಡೆಸಲು ಬ್ರೌಸರ್‌ನಲ್ಲಿ ಬಟನ್‌ಗಳಿದ್ದವು. ಮನೆಯಿಂದ ಕೆಲಸ ಮಾಡುವ ದಿನ ಆ ಪುಟ ತೆರೆದುಕೊಳ್ಳುವಷ್ಟರಲ್ಲಿ ಚಹಾ ತಣ್ಣಗಾಗುತ್ತಿತ್ತು. ಅದಕ್ಕೆ ಸರ್ ನನಗೆ ಕಮಾಂಡ್ ಲೈನ್ ಕಲಿಸಿದರು. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ಬಿಲ್ಡ್ ಶುರು. ಇನ್ನೊಂದು ಸಾಲಿಗೆ ಈಗ ಏನೇನು ಓಡುತ್ತಿದೆ, ಯಾರು ಓಡಿಸಿದ್ದು ಅನ್ನುವ ಪಟ್ಟಿ. ಮತ್ತೊಂದಕ್ಕೆ ಸರ್ವರ್ ಮಾಡುತ್ತಿರುವುದೆಲ್ಲ ಸಾಲುಸಾಲಾಗಿ ನಮ್ಮ ಕಣ್ಣ ಮುಂದೆ. ಸ್ಟಾಪ್ ಅಂತ ಬರೆದು ಬಿಲ್ಡ್‌ನ ನಂಬರ್ ಕೊಟ್ಟರೆ ಅದು ಅಲ್ಲೇ ನಿಲ್ಲುತ್ತಿತ್ತು. “ಬಟನ್ ಒತ್ತುವಾಗ ನಾವು ಯೋಚನೆ ಮಾಡಲ್ಲ ಫರೀದಾ. ಟೈಪ್ ಮಾಡುವಾಗ ಒಂದು ಕ್ಷಣನಾದ್ರೂ ಮಾಡ್ತೀವಿ,” ಅನ್ನುತ್ತಿದ್ದರು.

ನಾನು ಆ ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. ದೀಪಾವಳಿಯ ಹಿಂದಿನ ದಿನ ಒಂದು ಟೆಸ್ಟ್ ಪದೇ ಪದೇ ಫೇಲ್ ಆಗುತ್ತಿತ್ತು. ಚಕ್ರದ ವೇಗ ಹೇಳುವ ಸೆನ್ಸರ್‌ಗೆ ಸಂಬಂಧಪಟ್ಟದ್ದು. ಟೆಸ್ಟ್ ನಡೆಯುವ ಮೇಜಿನ ಮೇಲೆ ಧೂಳು ಕೂತಿದೆ, ಸೆನ್ಸರ್ ಮಂಕಾಗಿದೆ ಅಂತ ನಾನೇ ತೀರ್ಮಾನಿಸಿದೆ. ಕಮಾಂಡ್‌ನ ಕೊನೆಗೆ ಒಂದು ಸಣ್ಣ ಪದ ಸೇರಿಸಿದರೆ ಆ ಟೆಸ್ಟನ್ನು ಬಿಟ್ಟು ಮುಂದೆ ಹೋಗಬಹುದಿತ್ತು. ಪ್ರತಿ ಸಲ ಅದನ್ನು ಟೈಪ್ ಮಾಡಲು ಸೋಮಾರಿತನವಾಗಿ ಸರ್ವರ್‌ನ ಸೆಟ್ಟಿಂಗ್ ಫೈಲಿನಲ್ಲೇ ಬರೆದಿಟ್ಟೆ. ಇವತ್ತೊಂದು ದಿನ ಅಂದುಕೊಂಡೆ. ನಮ್ಮ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಇಂಥ ‘ಇವತ್ತೊಂದು ದಿನ’ಗಳು ಹತ್ತಾದರೂ ಸಿಗುತ್ತವೆ.

ಹಬ್ಬ ಕಳೆದು ಬುಧವಾರ ಸರ್ ಫೋನ್ ಮಾಡಿದರು. “ಆ ಸೆನ್ಸರ್ ಟೆಸ್ಟ್ ವಾಪಸ್ ಹಾಕಿದ್ಯಾ?”

“ಹಾಕಿದ್ದೀನಿ ಸರ್,” ಅಂದೆ. ಹಾಕಿರಲಿಲ್ಲ. ಫೋನ್ ಇಟ್ಟ ಮೇಲೆ ಹಾಕಿದರಾಯಿತು ಅಂದುಕೊಂಡಿದ್ದೆ, ಮರೆತೆ.

ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಬರುವಾಗ ಸರ್ ಮೆಟ್ರೋದಲ್ಲಿ ಕುಸಿದರು. ಎರಡು ನಿಲ್ದಾಣಗಳ ಮಧ್ಯೆ. ಮುಂದಿನ ನಿಲ್ದಾಣದಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಹೃದಯ ನಿಂತುಹೋಗಿತ್ತಂತೆ. ನಾನು ತುಂಬಾ ಅತ್ತೆ. ಅಳುವುದರ ನಡುವೆಯೇ, ನಾನು ಹೇಳಿದ ಸುಳ್ಳು ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಯೋಚನೆಯೂ ಬಂತು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಹೊಗೆ ಕವಿಯಿತು. ಎದುರು ಮನೆಯ ಬಾಲ್ಕನಿ ಕಾಣದಷ್ಟು. ನಾನಿದ್ದ ಮುನಿರ್ಕಾದ ಗಲ್ಲಿಯಲ್ಲಿ ಆ ಬಾಲ್ಕನಿ ಕೈಚಾಚಿದರೆ ಸಿಗುವಷ್ಟು ಹತ್ತಿರ. ಶಾಲೆ ಮುಚ್ಚಿದವು, ನಮ್ಮನ್ನೂ ಮನೆಯಿಂದ ಕೆಲಸ ಮಾಡಿ ಅಂದರು. ಮೂರನೇ ಮಹಡಿಯ ಕೋಣೆಯಲ್ಲಿ ಕಿಟಕಿಯ ಸಂದಿಗೆ ಒದ್ದೆ ದುಪಟ್ಟಾ ತುರುಕಿ, ಮಧ್ಯಾಹ್ನ ಹನ್ನೆರಡಕ್ಕೇ ಟ್ಯೂಬ್‌ಲೈಟ್ ಹಾಕಿಕೊಂಡು ಕೂರುತ್ತಿದ್ದೆ. ಗಲ್ಲಿಯಲ್ಲಿ ತರಕಾರಿ ಗಾಡಿಯ ಭಯ್ಯಾನ ಕೂಗು ಕೇಳುತ್ತಿತ್ತು, ಭಯ್ಯಾ ಕಾಣುತ್ತಿರಲಿಲ್ಲ.

ಸರ್ ಹೋಗಿ ಹದಿನಾಲ್ಕನೇ ದಿನ. ನಾಲ್ಕೂಮುಕ್ಕಾಲಿಗೆ ಇಡೀ ತಂಡಕ್ಕೆ ಒಂದು ಮೇಲ್ ಬಂತು. ಬಿಲ್ಡ್ ಫೇಲ್ ಆಗಿದೆ, ಶುರು ಮಾಡಿದವರು ಮಂಜುನಾಥ್.

ಎರಡು ಸಲ ಓದಿದೆ. ಯಾವ ಟೆಸ್ಟ್ ಫೇಲ್ ಆಯಿತು ಅಂತ ನೋಡಲು ಮೇಲ್‌ನಲ್ಲಿದ್ದ ಲಿಂಕ್ ಒತ್ತಬೇಕಿತ್ತು. ಒತ್ತಲಿಲ್ಲ. ಐದೇ ನಿಮಿಷಕ್ಕೆ ಮ್ಯಾನೇಜರ್ ಖುರಾನಾ ಅವರ ಫೋನ್. “ಫರೀದಾ ಜೀ, ಇದೇನು ತಮಾಷೆ? ತೇರಹ್ವೀಂ, ಹದಿಮೂರನೇ ದಿನದ ಕರ್ಮ ಕೂಡ ಮುಗಿದಿದೆಯಲ್ಲ, ಇನ್ನೂ ಮಂಜುನಾಥ್ ಜೀ ಡ್ಯೂಟಿ ಮಾಡ್ತಿದ್ದಾರಾ?” ನಕ್ಕರು, ಆದರೆ ನಗು ಬೇಗ ನಿಂತಿತು. ಸರ್ವರ್ ತಾನಾಗಿ ಬಿಲ್ಡ್ ಶುರು ಮಾಡಲು ಏನಾದರೂ ಹೊತ್ತು ಗೊತ್ತುಮಾಡಿದ್ದಾರಾ ನೋಡಿ ಅಂದರು. ಹುಡುಕಿದೆ, ಅಂಥದ್ದೇನೂ ಇರಲಿಲ್ಲ. ಸರ್ ಅಕೌಂಟ್ ಮುಚ್ಚಲು ಅರ್ಜಿ ಮೂರು ಮೇಜು ದಾಟಬೇಕಿತ್ತು, ಆ ಮೇಜುಗಳಲ್ಲಿ ಕೂರುವವರೂ ಹೊಗೆಗೆ ಹೆದರಿ ಮನೆಯಲ್ಲಿದ್ದರು. “ಮತ್ತೆ ಬಂದರೆ ನಿಲ್ಲಿಸಿಬಿಡಿ. ಹೀಗೆ ಮೇಲ್ ಹೋಗ್ತಾ ಇದ್ದರೆ ಮೇಲಿನವರು ಕೇಳ್ತಾರೆ. ತಿಂಗಳ ಕೊನೇ ಶುಕ್ರವಾರ ಫೈಲ್ ಕಾರ್ಖಾನೆಗೆ ಹೋಗಲೇಬೇಕು.”

ಮರುದಿನ ಮೂರೂವರೆಗೇ ಬೆಳಕು ಸೋತಿತ್ತು. ಪರದೆ ಮುಂದೆ ಕೂತು ಏನೇನು ಓಡುತ್ತಿದೆ ಅನ್ನುವ ಕಮಾಂಡನ್ನು ಮತ್ತೆ ಮತ್ತೆ ಕೊಡುತ್ತಿದ್ದೆ. ಪಟ್ಟಿ ಖಾಲಿ, ಖಾಲಿ, ಖಾಲಿ. ನಾಲ್ಕು ಗಂಟೆ ಆರು ನಿಮಿಷಕ್ಕೆ ಒಂದು ಸಾಲು ಬಂತು. ಬಿಲ್ಡ್ ನಂಬರ್, ಪಕ್ಕದಲ್ಲಿ ಮಂಜುನಾಥ್. ಸ್ಟಾಪ್ ಅಂತ ಟೈಪ್ ಮಾಡುವಾಗ ಎರಡು ಸಲ ತಪ್ಪು ಬರೆದೆ. ಮೂರನೇ ಸಲಕ್ಕೆ ನಿಂತಿತು. ಪಟ್ಟಿ ಖಾಲಿಯಾಯಿತು. ಬಾಗಿಲ ಚಿಲಕ ಹಾಕಿದೆಯಾ ಅಂತ ಎದ್ದು ನೋಡಿದೆ. ಕಂಪ್ಯೂಟರ್‌ನಲ್ಲಿ ಬಂದದ್ದಕ್ಕೆ ಚಿಲಕ ಏನು ಮಾಡುತ್ತದೆ ಅನ್ನುವುದು ಆಗ ಹೊಳೆಯಲಿಲ್ಲ.

ಹೀಗೆ ದಿನಾ. ಒಂದು ದಿನ ನಾಲ್ಕು ಹನ್ನೊಂದಕ್ಕೆ, ಒಂದು ದಿನ ನಾಲ್ಕು ಮೂರಕ್ಕೆ. ಭಾನುವಾರ ನಾಲ್ಕೂವರೆ ದಾಟಿತು. ಇವತ್ತು ಬರುವುದಿಲ್ಲ ಅಂತ ಉಸಿರು ಬಿಡುವಷ್ಟರಲ್ಲಿ ಬಂತು. ನನ್ನನ್ನು ಹೆದರಿಸಿದ್ದು ಇದೇ. ಯಂತ್ರಕ್ಕೆ ನಾಲ್ಕು ಅಂದರೆ ನಾಲ್ಕು, ಸೆಕೆಂಡೂ ಆಚೀಚೆ ಆಗುವುದಿಲ್ಲ. ಇದು ಮನುಷ್ಯರ ನಾಲ್ಕು ಗಂಟೆ. ಯಾರೋ ಎದ್ದು, ಕುರ್ಚಿ ಎಳೆದುಕೊಂಡು, ಕೂತು ಮಾಡುವಂಥದ್ದು. ಹೊರಗೆ ಹೋಗುವುದನ್ನು ಬಿಟ್ಟೆ, ಊಟ ಸೇರುತ್ತಿರಲಿಲ್ಲ. ಅಮ್ಮಿಗೆ ಫೋನ್‌ನಲ್ಲಿ ನೆಗಡಿ ಅಂತ ಹೇಳಿದೆ.

ಒಂದು ಸೋಮವಾರ ಬೇರೆ ಕರೆಯಲ್ಲಿ ಸಿಕ್ಕಿಕೊಂಡು ತಡವಾಯಿತು. ನೋಡುವಷ್ಟರಲ್ಲಿ ಬಿಲ್ಡ್ ಅರ್ಧ ಗಂಟೆ ಓಡಿತ್ತು. ಏನು ನಡೆಯುತ್ತಿದೆ ಅಂತ ಪರದೆಗೆ ತರಿಸಿಕೊಂಡೆ. ಟೆಸ್ಟ್‌ಗಳು ಒಂದೊಂದಾಗಿ ಪಾಸ್, ಪಾಸ್ ಅನ್ನುತ್ತ ಮೇಲೆ ಸರಿಯುತ್ತಿದ್ದವು. ಎಲ್ಲ ಟೆಸ್ಟ್‌ಗಳೂ. ನಮ್ಮ ಬಿಲ್ಡ್‌ಗಳಲ್ಲಿ ನನ್ನ ಸೆಟ್ಟಿಂಗ್‌ನಿಂದ ಬಿಟ್ಟುಹೋಗುತ್ತಿದ್ದ ಟೆಸ್ಟ್ ಇದರಲ್ಲಿ ಮುಂದಿನ ಸಾಲಿನಲ್ಲೇ ಬರುವುದಿತ್ತು. ಯಾವ ಟೆಸ್ಟನ್ನೂ ಬಿಡಬೇಡ ಅಂತ ಆಜ್ಞೆ ಕೊಟ್ಟು ಓಡಿಸಿದ ಬಿಲ್ಡ್ ಅದು. ಸರ್ ನನ್ನ ಸುಳ್ಳನ್ನು ದಿನಾ ಪರೀಕ್ಷೆ ಮಾಡುತ್ತಿದ್ದಾರೆ ಅನ್ನಿಸಿತು. ಫಲಿತಾಂಶ ಬರುವ ಮೊದಲೇ ಕಣ್ಣು ಮುಚ್ಚಿ ಎಂಟರ್ ಒತ್ತಿ ನಿಲ್ಲಿಸಿದೆ.

ಆ ವಾರವೇ ಕೊನೆಯ ಶುಕ್ರವಾರ. ಬುಧವಾರ ಖುರಾನಾ ಫೋನ್ ಮಾಡಿದರು. “ಮಂಜುನಾಥ್ ಜೀ ಲ್ಯಾಪ್‌ಟಾಪ್ ಇನ್ನೂ ಅವರ ಮನೆಯಲ್ಲೇ ಇದೆ. ಯಾರೋ ಮುಟ್ಟುತ್ತಿರಬೇಕು. ಆರ್.ಕೆ.ಪುರಂ ನಿಮಗೆ ಪಕ್ಕದಲ್ಲೇ ಅಲ್ವಾ? ಹೋಗಿ ತಗೊಂಡು ಬಂದುಬಿಡಿ.” ಲ್ಯಾಪ್‌ಟಾಪ್! ಇಷ್ಟು ದಿನ ನನಗೇಕೆ ಇದು ಹೊಳೆಯಲಿಲ್ಲ? ಹೆದರಿದವಳ ತಲೆ ಹೀಗೇ ಓಡುತ್ತದೆ ಅಂತ ನನ್ನನ್ನೇ ಬೈದುಕೊಂಡು, ಸಮಾಧಾನದ ಉಸಿರು ಬಿಟ್ಟು ಆಟೋ ಹತ್ತಿದೆ.

ಕ್ವಾರ್ಟರ್ಸ್‌ನ ಬ್ಲಾಕ್ ನಂಬರ್ ಕಾಣದೆ ಮೂರು ಗೇಟ್ ತಪ್ಪಿ, ಕೊನೆಗೆ ಸರಿಯಾದ ಮೆಟ್ಟಿಲು ಹತ್ತಿದಾಗ ನಾಲ್ಕಕ್ಕೆ ಐದು ನಿಮಿಷವಿತ್ತು. ವಿಜಯಾ ಆಂಟಿಯೇ ಬಾಗಿಲು ತೆರೆದರು. ಅವರನ್ನು ನೋಡಿದ್ದು ಅದೇ ಮೊದಲು. ಸರ್ ಅಂತ್ಯಕ್ರಿಯೆಗೆ ಆಫೀಸಿನ ಗಂಡಸರಷ್ಟೇ ಹೋಗಿದ್ದರು. ಆಫೀಸಿನವಳು, ಫರೀದಾ ಅಂತ ಹೇಳಿಕೊಂಡೆ.

ಅವರು ನನ್ನನ್ನೇ ನೋಡುತ್ತ ನಿಂತರು. “ಫರೀದಾ ಅಂದ್ರೆ ನೀವೇನಾ?” ಅಂದರು. ಬಾಗಿಲಿನಿಂದ ಪಕ್ಕಕ್ಕೆ ಸರಿದು, “ಬನ್ನಿ, ಸರಿಯಾದ ಹೊತ್ತಿಗೇ ಬಂದಿದ್ದೀರಿ.”

ಒಳಗಿನಿಂದ ಅವರ ಮಗಳು ಮೇಘಾಳ ದನಿ. ಹತ್ತನೇ ಕ್ಲಾಸಿನ ಹುಡುಗಿ. “ಮಮ್ಮಾ, ಪಪ್ಪಾ ಕಾ ಟೈಮ್ ಹೋ ಗಯಾ. ಟೀ ಆಯ್ತಾ?”

ಪಪ್ಪಾನ ಹೊತ್ತಾಯಿತು ಅಂದರೆ? ತಿರುಗಿ ಓಡಿಬಿಡೋಣ ಅನ್ನಿಸಿತು, ಆದರೆ ಆಂಟಿ ಆಗಲೇ ಚಹಾ ತರಲು ಒಳಗೆ ಹೋಗಿದ್ದರು. ಕಿಟಕಿಯ ಪಕ್ಕ ಒಂದು ಮೇಜು, ಅದರ ಮೇಲೆ ಮುಚ್ಚಿದ ಲ್ಯಾಪ್‌ಟಾಪ್. ಚಹಾ ಬಂತು. ಮೂವರೂ ಮೇಜಿನ ಸುತ್ತ ಕೂತೆವು. ಆಂಟಿ ಸೆರಗಿಗೆ ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆದರು, ಪಾಸ್‌ವರ್ಡ್‌ಗೆ ಮೇಘಾ ಹುಟ್ಟಿದ ತಾರೀಕು ಒತ್ತಿದರು. ತಕ್ಷಣ ಕಪ್ಪು ಕಿಟಕಿಯೊಂದು ತಾನಾಗಿ ತೆರೆಯಿತು. ಮೊದಲ ಸಾಲು: ಬಿಲ್ಡ್ ನಂಬರ್, ಶುರು ಮಾಡಿದವರು ಮಂಜುನಾಥ್. ಆಮೇಲೆ ಸಾಲುಗಳು ಓಡತೊಡಗಿದವು.

“ಹೋಗೋ ಹಿಂದಿನ ದಿನ, ಗುರುವಾರ, ಮನೆಯಿಂದ ಕೆಲಸ ಮಾಡಿದ್ರು,” ಆಂಟಿ ಮೆಲ್ಲಗೆ ಹೇಳಿದರು. “ಇಲ್ಲೇ ಕೂತು ನಾಲ್ಕು ಗಂಟೆ ಟೀ ಕುಡೀತಾ ಇದನ್ನ ಬರೆದ್ರು. ‘ನಾಳೆಯಿಂದ ತೆರೆದ್ರೆ ಸಾಕು, ತಾನೇ ಓಡುತ್ತೆ ನೋಡು’ ಅಂತ ಹೇಳಿ ಮುಚ್ಚಿಟ್ರು. ಕರ್ಮ ಎಲ್ಲ ಮುಗಿದ ಮಾರನೇ ದಿನ ಟೀ ಹೊತ್ತಿಗೆ ಮನೇಲಿ ಕೂರಕ್ಕಾಗ್ಲಿಲ್ಲ. ತೆರೆದೆ. ಓಡ್ತು. ಏನು ಅಂತ ಅರ್ಥ ಆಗಲ್ಲ ನಂಗೆ. ಆದ್ರೆ ಅವರು ಕೆಲಸ ಮಾಡ್ತಾ ಇದ್ದಾರೆ ಅನ್ಸುತ್ತೆ. ನಾವಿಬ್ಬರೂ ನೋಡ್ತಾ ಕೂತ್ಕೋತೀವಿ.”

ಚಹಾ ಆದ ಮೇಲೆ ತೆರೆಯುತ್ತಿದ್ದರು. ಆರು ನಿಮಿಷ, ಹನ್ನೊಂದು ನಿಮಿಷ, ಮೂರು ನಿಮಿಷ ಎಲ್ಲ ಹಾಲು ಕಾಯುವ ಹೊತ್ತು. ಹೆದರಿಕೆ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಮೇಘಾ ನನ್ನತ್ತ ತಿರುಗಿದಳು. “ದೀದಿ, ನೀವು ಡೈಲಿ ಪಪ್ಪಾನ ಯಾಕೆ ಸ್ಟಾಪ್ ಮಾಡ್ತೀರಾ?”

ಆಂಟಿ ಅವಳ ಕೈ ಒತ್ತಿದರು, ಆದರೆ ಮುಂದುವರಿಸಿದ್ದೂ ಅವರೇ. “ಮೊದಲನೇ ದಿನ ಪೂರ್ತಿ ಓಡಿ, ಕೊನೇಲಿ ಕೆಂಪಾಗಿ ನಿಂತುಹೋಯ್ತು. ಆಮೇಲಿಂದ ಶುರುವಾದ ಒಂದೆರಡು ನಿಮಿಷಕ್ಕೇ ಒಂದು ಸಾಲು ಬರುತ್ತೆ, ಫರೀದಾ ನಿಲ್ಲಿಸಿದ್ದಾರೆ ಅಂತ. ಇಂಗ್ಲಿಷ್‌ನಲ್ಲಿ. ಅಲ್ಲಿಗೆ ಮುಗೀತು. ಅವರೂ ಹಾಗೇ ದಾರಿ ಮಧ್ಯ ನಿಂತುಹೋದ್ರಲ್ಲ. ದಿನಾ ಮತ್ತೆ ಅದನ್ನೇ ನೋಡಿದ ಹಾಗಾಗುತ್ತೆ. ಯಾರಪ್ಪ ಈ ಫರೀದಾ, ಇವರಿಗೇನು ಕೋಪ ನಮ್ಮವರ ಮೇಲೆ ಅಂತ ನಾನೂ ಮೇಘಾನೂ ಮಾತಾಡ್ಕೊಳ್ತಿದ್ವಿ.”

ನಾನು ಮುನಿರ್ಕಾದಲ್ಲಿ ಚಿಲಕ ಹಾಕಿಕೊಂಡು ಯಾರಿಗೆ ಹೆದರುತ್ತಿದ್ದೆನೋ, ಅವರ ಮನೆಯಲ್ಲಿ ಈ ಇಬ್ಬರು ದಿನಾ ನಾಲ್ಕಕ್ಕೆ ನನ್ನ ಹೆಸರು ಬರುವುದನ್ನು ಹೆದರಿ ಕಾಯುತ್ತಿದ್ದರು. ದುಃಖ ಉಕ್ಕಿ ಬಂತು, ತಡೆದುಕೊಳ್ಳಲಿಲ್ಲ. ಎಲ್ಲ ಹೇಳಿದೆ. ಬಿಟ್ಟ ಟೆಸ್ಟ್, ಬುಧವಾರದ ಫೋನ್, ಹಾಕಿದ್ದೀನಿ ಸರ್ ಅಂದದ್ದು. ಹೇಳುತ್ತಿರುವಾಗ ಪರದೆಯ ಮೇಲೆ ಸಾಲುಗಳು ಓಡುತ್ತಲೇ ಇದ್ದವು. ಅಂದು ನಿಲ್ಲಿಸುವವರು ಯಾರೂ ಇರಲಿಲ್ಲ. ಮುಕ್ಕಾಲು ಗಂಟೆಗೆ ಕೊನೆಯ ಸಾಲು ಕೆಂಪಾಗಿ ಬಂತು, ಫೇಲ್. ಅದೇ ಟೆಸ್ಟ್. ಈ ಸಲ ಕಣ್ಣು ಬಿಟ್ಟು ಓದಿದೆ.

ಸೆನ್ಸರ್ ಮಂಕಾಗಿರಲಿಲ್ಲ. ಚಕ್ರದಿಂದ ಬರುವ ಸಂಕೇತ ಒಂದು ಕ್ಷಣ ಕಡಿದರೆ, ಚಕ್ರವೇ ನಿಂತುಬಿಟ್ಟಿದೆ ಅಂತ ನಮ್ಮ ಪ್ರೋಗ್ರಾಂ ತಿಳಿದು ಬ್ರೇಕನ್ನು ಸಡಿಲ ಮಾಡುತ್ತಿತ್ತು. ಗಾಡಿ ಓಡುತ್ತಿರುವಾಗ, ಚಾಲಕ ಬ್ರೇಕ್ ತುಳಿದಿರುವಾಗ.

ಆಂಟಿಯನ್ನು ಕೇಳಿ ಸರ್ ಬರೆದಿದ್ದ ಫೈಲ್ ತೆರೆದೆ. ಏಳೆಂಟೇ ಸಾಲು. ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಂಡಿದ್ದರು. ಆಂಟಿಯೇ ಗಟ್ಟಿಯಾಗಿ ಓದಿದರು: “ಫರೀದಾ ಹಾಕಿದ್ದೀನಿ ಅಂದಿದ್ದಾಳೆ. ಒಮ್ಮೆ ಪಾಸ್ ಆಗಲಿ, ಆಮೇಲೆ ಇದು ಬೇಡ.” ಕೊನೆಯ ಸಾಲು ಏನು ಮಾಡುತ್ತದೆ ಅಂತ ಮತ್ತೊಮ್ಮೆ ಓದಿ ಖಚಿತ ಮಾಡಿಕೊಂಡೆ.

“ಆಂಟಿ, ನಾನು ತಪ್ಪು ಸರಿ ಮಾಡಿದ್ರೆ ಇದು ಪಾಸ್ ಆಗುತ್ತೆ. ಪಾಸ್ ಆದ ಕೂಡ್ಲೇ ಈ ಫೈಲ್ ತನ್ನನ್ನ ತಾನೇ ಅಳಿಸ್ಕೊಳ್ಳುತ್ತೆ. ಹಾಗೆ ಬರೆದಿದ್ದಾರೆ ಸರ್. ಆಮೇಲೆ ನೀವು ತೆರೆದ್ರೂ ಏನೂ ಓಡಲ್ಲ.” ಮೇಘಾ ಆಂಟಿಯ ಪಕ್ಕಕ್ಕೆ ಸರಿದಳು. “ಬೇಕಾದ್ರೆ ಆ ಕೊನೇ ಸಾಲು ತೆಗೆದುಬಿಡ್ತೀನಿ. ದಿನಾ ಓಡ್ತಾ ಇರುತ್ತೆ. ಯಾರಿಗೂ ಹೇಳಲ್ಲ.”

ಆಂಟಿ ಪರದೆಯತ್ತ ಬೆರಳು ತೋರಿಸಿದರು. “ಇದು ಗಾಡಿಗಳಿಗೆ ಹೋಗೋದಾ?”

“ಹೌದು. ಶುಕ್ರವಾರ.”

“ಹಾಗಾದ್ರೆ ಸರಿ ಮಾಡು. ಅವರು ಬರೆದಿದ್ದನ್ನ ಮಾತ್ರ ಮುಟ್ಟಬೇಡ ನೀನು.”

ಅಲ್ಲಿಂದಲೇ ಖುರಾನಾಗೆ ಫೋನ್ ಮಾಡಿ, ಶುಕ್ರವಾರ ಆಗುವುದಿಲ್ಲ, ಟೆಸ್ಟ್ ಬಿಡಿಸಿದ್ದೂ ಸುಳ್ಳು ಹೇಳಿದ್ದೂ ನಾನೇ ಅಂದೆ. ಹಿಂದಿ, ಪಂಜಾಬಿ ಎರಡರಲ್ಲೂ ಬೈದರು. ಮಂಗಳಾರತಿ ಮುಗಿದ ಮೇಲೆ, “ಇವತ್ತಾದರೂ ಹೇಳಿದಿರಲ್ಲ,” ಅಂತ ಫೋನ್ ಇಟ್ಟರು. ಲಿಖಿತ ಎಚ್ಚರಿಕೆಯ ಪತ್ರ ಆಮೇಲೆ ಬಂತು, ಇನ್ನೂ ಇಟ್ಟುಕೊಂಡಿದ್ದೇನೆ. ಲ್ಯಾಪ್‌ಟಾಪ್ ತರಲಿಲ್ಲ. ಒಂದು ವಾರ ಬಿಡಿ ಅಂತ ಕೇಳಿಕೊಂಡೆ, ಬಿಟ್ಟರು.

ಗುರುವಾರ, ಶುಕ್ರವಾರ ಹೊಗೆಯಲ್ಲೇ ಮಾನೇಸರ್‌ಗೆ ಹೋದೆ. ಖಾಲಿ ಕಟ್ಟಡದಲ್ಲಿ ಮೂರು ಜನ. ಎರಡೂ ದಿನ ನಾಲ್ಕರ ಆಸುಪಾಸಿಗೆ ಸರ್ ಹೆಸರು ಪಟ್ಟಿಗೆ ಬಂತು, ಪೂರ್ತಿ ಓಡಿತು, ಫೇಲ್ ಆಯಿತು. ಯಾರೂ ನಿಲ್ಲಿಸಲಿಲ್ಲ. ಇಡೀ ತಂಡಕ್ಕೆ ಮೇಲ್ ಹೋಯಿತು, ಈ ಸಲ ಯಾರೂ ತಮಾಷೆ ಮಾಡಲಿಲ್ಲ. ಶನಿವಾರ ಮಧ್ಯಾಹ್ನ ತಪ್ಪು ಸಿಕ್ಕಿತು. ತಿದ್ದಿದೆ, ಸೆಟ್ಟಿಂಗ್‌ನಲ್ಲಿ ನಾನು ಬರೆದಿದ್ದನ್ನೂ ಅಳಿಸಿದೆ. ನಾನೇ ಒಂದು ಬಿಲ್ಡ್ ಓಡಿಸಿ ನೋಡಬಹುದಿತ್ತು. ಓಡಿಸಲಿಲ್ಲ. ಮೊದಲು ಪಾಸ್ ಆಗಬೇಕಾದದ್ದು ಸರ್ ಅವರದ್ದು ಅನ್ನಿಸಿತು. ಆಂಟಿಗೆ ಫೋನ್ ಮಾಡಿ, ಇವತ್ತು ಬೇಡ, ನಾಳೆ ತೆರೆಯಿರಿ ಅಂದೆ. “ನೀನು ಬರಬೇಡ. ನಾವಿಬ್ಬರೇ ಇರ್ತೀವಿ,” ಅಂದರು.

ಭಾನುವಾರ ಮುನಿರ್ಕಾದ ಕೋಣೆಯಲ್ಲಿ ಪಟ್ಟಿ ನೋಡುತ್ತ ಕೂತೆ. ನಾಲ್ಕು ಗಂಟೆಗೆ ಬರಲಿಲ್ಲ. ನಾಲ್ಕೂವರೆಗೂ ಇಲ್ಲ. ಐದಕ್ಕೆ ಹೊರಗೆ ಕತ್ತಲಿಳಿಯಿತು. ತೆರೆಯುವುದು ಬೇಡ ಅಂತ ಅವರು ತೀರ್ಮಾನ ಮಾಡಿದ್ದರೆ ಅವರನ್ನು ತಪ್ಪು ಅನ್ನಲಾರೆ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಐದು ಇಪ್ಪತ್ತಕ್ಕೆ ಸಾಲು ಮೂಡಿತು. ಮಂಜುನಾಥ್. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಟೆಸ್ಟ್‌ಗಳು ಸರಿದವು. ಆ ಟೆಸ್ಟ್ ಬಂತು, ಪಾಸ್ ಅಂದಿತು, ಮುಂದೆ ಹೋಯಿತು. ಕೊನೆಯ ಸಾಲೂ ಬಂತು. ಪಟ್ಟಿಯಿಂದ ಹೆಸರು ಹೋಯಿತು.

ಎರಡು ನಿಮಿಷ ಕಳೆದು ಫೋನ್ ಬಂತು. ಆಂಟಿಯದು, ಹಿಂದೆ ಮೇಘಾ ಮೂಗೇರಿಸುವ ಸದ್ದು ಕೇಳುತ್ತಿತ್ತು.

“ಆ ಕಪ್ಪು ಕಿಟಕಿ ಮುಚ್ಚಿಕೊಳ್ತು ಫರೀದಾ,” ಅಂದರು. “ಇವತ್ತು ಯಾರ ಹೆಸರೂ ಬರಲಿಲ್ಲ. ತಾನಾಗೇ ಮುಗೀತು.”

ಹೂಂ ಅಂದೆ.

“ನಾಳೆ ಬಾ. ಬಂದು ಲ್ಯಾಪ್‌ಟಾಪ್ ತಗೊಂಡು ಹೋಗು.”